ಪ್ರತಿಗಳು ಹಲವು, ಸಾಕ್ಷಿ ಒಂದೇ

ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳೆಂಬುದು ಕನ್ನಡ ಸಾಹಿತ್ಯ ಚರಿತ್ರೆಯನ್ನು ಓದಿದವರೆಲ್ಲ ಬಲ್ಲ ಸಂಗತಿ. ಓಲೆಗರಿಗಳು ಗೆದ್ದಲಿಗೆ ತುತ್ತಾಗುತ್ತಿದ್ದ ಕಾಲದಲ್ಲಿ ಪ್ರತಿ ಮಾಡಿಸುವುದೆಂದರೆ ಕೃತಿಗೆ ಆಯುಷ್ಯವನ್ನು ದಾನ ಮಾಡಿದಂತೆಯೇ ಸರಿ. ಇಂದು ಪ್ರತಿ ಮಾಡಲು ಕಂಟವೂ ಬೇಡ, ಲಿಪಿಕಾರನೂ ಬೇಡ, ಅರೆಕ್ಷಣ ಸಾಕು. ಆದರೆ ಅಂತರ್ಜಾಲದಲ್ಲಿ ಹೀಗೆ ಹೆಚ್ಚಿದ ಪ್ರತಿಗಳು ಮೂಲವನ್ನು ಉಳಿಸುವುದಕ್ಕಿಂತ ಮರೆಮಾಡುವುದೇ ಹೆಚ್ಚು.

ಸ್ನಾತಕೋತ್ತರ ವಿದ್ಯಾರ್ಥಿಗಳ ಸಂಪ್ರಬಂಧಗಳನ್ನು ಓದುವಾಗ ಇದು ನನಗೆ ಮತ್ತೆ ಮತ್ತೆ ಅನುಭವಕ್ಕೆ ಬಂದಿದೆ. ಕವಿಯೊಬ್ಬನ ಕಾಲವನ್ನು ಕುರಿತ ಅವೇ ವಾಕ್ಯಗಳು, ಅದೇ ಅಕ್ಷರದೋಷದೊಡನೆ, ನಾಲ್ಕಾರು ಬರಹಗಳಲ್ಲಿ ಕಾಣಿಸುತ್ತವೆ. ಕೇಳಿದರೆ, ‘ಸರ್, ಹತ್ತು ಕಡೆ ಹೀಗೆಯೇ ಇದೆ’ ಎಂಬ ಉತ್ತರ. ಗ್ರಂಥಸಂಪಾದನೆಯ ತರಗತಿಯಲ್ಲಿ ನಾವು ಕಲಿಸುವ ಮೊದಲ ಪಾಠವೇ ಇದಕ್ಕೆ ಸಮಾಧಾನ: ಒಂದೇ ಮಾತೃಪ್ರತಿಯಿಂದ ಇಳಿದ ಹತ್ತು ಪ್ರತಿಗಳು ಹತ್ತು ಸಾಕ್ಷಿಗಳಲ್ಲ, ಒಂದೇ ಸಾಕ್ಷಿ. ಪ್ರತಿಗಳನ್ನು ಎಣಿಸಬಾರದು, ತೂಗಬೇಕು.

ಸ್ವಾರಸ್ಯವೆಂದರೆ ಶೋಧಯಂತ್ರವೂ ಇದೇ ದಾರಿಯಲ್ಲಿ ಸಾಗಲು ಹೆಣಗುತ್ತಿದೆ. 1998ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧನ ವಿದ್ಯಾರ್ಥಿಗಳಾಗಿದ್ದ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಮಂಡಿಸಿದ ಪೇಜ್‌ರ್‍ಯಾಂಕ್ ಕ್ರಮದಲ್ಲಿ ಒಂದು ಪುಟವನ್ನು ಎಷ್ಟು ಪುಟಗಳು ಉಲ್ಲೇಖಿಸುತ್ತವೆ ಎಂಬುದಷ್ಟೇ ಅಲ್ಲ, ಉಲ್ಲೇಖಿಸುವ ಪುಟದ ತೂಕವೂ ಗಣನೆಗೆ ಬರುತ್ತಿತ್ತು. ಮುಂದೆ, ಜನ ಹುಡುಕುವ ಪದಗಳನ್ನೇ ನೋಡಿಕೊಂಡು ಸತ್ತ್ವವಿಲ್ಲದ ಬರಹಗಳನ್ನು ರಾಶಿ ರಾಶಿಯಾಗಿ ಬೆಳೆಯುವ ತಾಣಗಳು ಹುಟ್ಟಿಕೊಂಡವು. ಅವನ್ನು ಹಿಂದೆ ಸರಿಸಲು ಗೂಗಲ್ 2011ರ ಫೆಬ್ರುವರಿಯಲ್ಲಿ ‘ಪಾಂಡಾ’ ಎಂದು ಹೆಸರಾದ ಬದಲಾವಣೆಯನ್ನು ತಂದಿತು. ಅಮೆರಿಕದಲ್ಲಿ ನಡೆಯುವ ಹುಡುಕಾಟಗಳಲ್ಲಿ ಶೇಕಡಾ 11.8ರಷ್ಟರ ಫಲಿತಾಂಶ ಅದರಿಂದ ಗಮನಾರ್ಹವಾಗಿ ಬದಲಾಯಿತೆಂದು ಆ ಸಂಸ್ಥೆಯೇ ತಿಳಿಸಿತು. ತಾಣದ ಒಂದು ಭಾಗ ಕಳಪೆಯಾಗಿದ್ದರೆ ಅದರ ಒಳ್ಳೆಯ ಪುಟಗಳ ಸ್ಥಾನವೂ ಕುಸಿಯಬಹುದೆಂಬುದು ಆಗ ಎಲ್ಲರಿಗೂ ಅರಿವಾಯಿತು. 2024ರ ಮಾರ್ಚ್‌ನಲ್ಲಿ ಈ ನಿಯಮ ಇನ್ನಷ್ಟು ಬಿಗಿಯಾಯಿತು: ಸ್ಥಾನ ಗಿಟ್ಟಿಸಲೆಂದೇ ರಾಶಿ ಹಾಕಿದ ಬರಹವನ್ನು ಮನುಷ್ಯ ಬರೆದಿರಲಿ, ಯಂತ್ರ ಬರೆದಿರಲಿ, ಅದು ದೋಷವೇ.

ಪುನರಾವರ್ತನೆಯ ವಿಷಯ ತುಸು ಬೇರೆ. ಒಂದೇ ಬರಹ ಎರಡು ಕಡೆ ಇದ್ದ ಮಾತ್ರಕ್ಕೆ ಶಿಕ್ಷೆಯಿಲ್ಲ. ಶೋಧಯಂತ್ರವು ಸಮಾನ ಪುಟಗಳನ್ನು ಒಂದು ಗುಂಪಾಗಿಸಿ, ಅವುಗಳಲ್ಲಿ ಒಂದನ್ನು ಪ್ರಾತಿನಿಧಿಕವೆಂದು ಆರಿಸಿ ತೋರಿಸುತ್ತದೆ. ಉಳಿದವು ಸಾಮಾನ್ಯವಾಗಿ ಕಾಣಿಸುವುದಿಲ್ಲ. ಸಂಪಾದಕನಿಗೂ ಯಂತ್ರಕ್ಕೂ ಇರುವ ಅಂತರ ತೋರುವುದು ಇಲ್ಲಿಯೇ. ಯಾವ ಪಾಠದಿಂದ ಉಳಿದ ಪಾಠಾಂತರಗಳು ಹುಟ್ಟಿರಬಹುದೆಂದು ಸಂಪಾದಕ ವಿಚಾರಿಸುತ್ತಾನೆ. ಯಂತ್ರವಾದರೋ ಕೊಂಡಿಗಳು, ತಾಣದ ರಚನೆ ಮೊದಲಾದ ಹೊರಗುರುತುಗಳನ್ನು ನೋಡುತ್ತದೆ. ಹೀಗಾಗಿ ಶಾಸನವನ್ನು ಸ್ವತಃ ಓದಿ ಬರೆದವನ ಲೇಖನ ಮರೆಗೆ ಸರಿದು, ಅದನ್ನು ಎತ್ತಿಕೊಂಡ ದೊಡ್ಡ ತಾಣವೇ ಮುಂದೆ ಬರುವುದುಂಟು.

ಕನ್ನಡದಲ್ಲಿ ಈ ನಷ್ಟ ಹೆಚ್ಚು ಬಾಧಿಸುತ್ತದೆ. ಅನೇಕ ವಿಷಯಗಳಲ್ಲಿ ನಮಗಿರುವುದೇ ಒಂದೆರಡು ಮೂಲ ಲೇಖನಗಳು. ಯೂನಿಕೋಡ್ ಪೂರ್ವದ ನುಡಿ, ಬರಹ ಅಕ್ಷರವಿನ್ಯಾಸಗಳಲ್ಲಿ ಸಿದ್ಧಪಡಿಸಿದ ಎಷ್ಟೋ ಒಳ್ಳೆಯ ಬರಹಗಳನ್ನು ಯಂತ್ರವು ಕನ್ನಡವೆಂದು ಗುರುತಿಸಲಾರದು. ಹೀಗೆ ವಿದ್ವತ್ತು ಕಾಣದಿರುವ ಜಾಗದಲ್ಲಿ ನಕಲು ರಾಜ್ಯವಾಳುತ್ತದೆ.

ಆದುದರಿಂದ ಸಂಶೋಧನೆಗೆ ತೊಡಗಿದವರಲ್ಲಿ ನನ್ನ ವಿನಂತಿ ಇಷ್ಟೆ. ಲೇಖನವನ್ನು ಯೂನಿಕೋಡಿನಲ್ಲಿ, ಆಕರಗಳ ಸಹಿತ ಪ್ರಕಟಿಸಿ. ಅದನ್ನೇ ಮತ್ತೊಂದು ಕಡೆ ಕೊಡಬೇಕಾದರೆ ಮೂಲದ ಕೊಂಡಿಯನ್ನು ತಪ್ಪದೆ ಸೇರಿಸಿ; ಮೂಲ ಪುಟ ಯಾವುದೆಂದು ಯಂತ್ರಕ್ಕೆ ಸೂಚಿಸುವ ಗುರುತೊಂದು 2009ರಿಂದಲೂ ಬಳಕೆಯಲ್ಲಿದೆ, ತಾಣ ನಿರ್ವಹಿಸುವವರು ಅದನ್ನು ಬಲ್ಲರು. ಹುಡುಕುವವರು ಮೊದಲ ಫಲಿತಾಂಶದಲ್ಲಿಯೇ ನಿಲ್ಲದೆ, ಆ ಮಾತನ್ನು ಮೊದಲು ಆಡಿದವರು ಯಾರು, ಯಾವ ಆಧಾರದ ಮೇಲೆ ಎಂದು ವಿಚಾರಿಸಲಿ. ಅತ್ತಿಮಬ್ಬೆ ಮಾಡಿಸಿದ ಪ್ರತಿಗಳಲ್ಲಿ ಪೊನ್ನನ ಹೆಸರು ಅಳಿಯಲಿಲ್ಲ. ಇಂದಿನ ಪ್ರತಿಗಳಲ್ಲಿ ಮೊದಲು ಅಳಿಯುವುದೇ ಬರೆದವನ ಹೆಸರು.