ಪ್ಯಾರಿಸ್ಸಿನಲ್ಲಿ ಚಾಕು ಗಂಡು, ಚಮಚ ಹೆಣ್ಣು!

ಚಮಚ ಗಂಡೋ ಹೆಣ್ಣೋ ಎಂದು ಯಾರಾದ್ರೂ ಕೇಳಿದರೆ ನೀವು ನಕ್ಕುಬಿಡುತ್ತೀರಿ, ಅಲ್ಲವೇ? ನಮ್ಮ ಕನ್ನಡದಲ್ಲಿ ಚಮಚ, ಚಾಕು, ಉಪ್ಪು, ಹಿಟ್ಟು ಎಲ್ಲವೂ 'ಅದು'. ಫ್ರೆಂಚ್ ಭಾಷೆಯಲ್ಲಿ ಹಾಗಲ್ಲ. ಅಲ್ಲಿ ನಾಮಪದಗಳಿಗೆ ನಪುಂಸಕಲಿಂಗವೇ ಇಲ್ಲ. ಪ್ರತಿ ವಸ್ತುವೂ ಗಂಡಾಗಬೇಕು, ಇಲ್ಲವೇ ಹೆಣ್ಣಾಗಬೇಕು. ಗಂಡಾದರೆ ಹೆಸರಿಗೆ ಮೊದಲು 'ಲ' ಎನ್ನಬೇಕು, ಹೆಣ್ಣಾದರೆ 'ಲಾ'.

ಬನ್ನಿ, ಪ್ಯಾರಿಸ್ಸಿನ ಬೀದಿ ಸಂತೆಗೆ ಹೋಗೋಣ. ಬ್ರೆಡ್ಡಿಗೆ ಅಲ್ಲಿ 'ಪ್ಯಾಂ' ಎನ್ನುತ್ತಾರೆ, ಅದು ಗಂಡು. ಅದೇ ಹಿಟ್ಟಿನಿಂದಾದ ಉದ್ದನೆಯ 'ಬಾಗೆತ್' ಮಾತ್ರ ಹೆಣ್ಣು! ಹಾಲು ಗಂಡು, ಕೆನೆ ಹೆಣ್ಣು. ಸಕ್ಕರೆ, ಉಪ್ಪು ಗಂಡು, ಹಿಟ್ಟು ಹೆಣ್ಣು. ಇದಕ್ಕೆ ಕಾರಣ ಹುಡುಕಲು ಹೋಗಬೇಡಿ. ಗಂಡಸರ ಗಡ್ಡ ಮೀಸೆಗಳೂ ಅಲ್ಲಿ ಹೆಣ್ಣೇ! ಹೆಚ್ಚಿನ ಪದಗಳ ಲಿಂಗ ಹಳೆಯ ಲ್ಯಾಟಿನ್ ಭಾಷೆಯಿಂದ ಬಂದ ಬಳುವಳಿ.

ಟೊಮೆಟೊ ಕೊಳ್ಳುವಾಗ ಸ್ವಲ್ಪ ಎಚ್ಚರ. 'ಒಂದು' ಎನ್ನುವುದಕ್ಕೂ ಗಂಡಿಗೆ 'ಅಂ', ಹೆಣ್ಣಿಗೆ 'ಯೂನ್'. 'ಯೂನ್ ಲೀವ್ರ್' ಎಂದರೆ ಅರ್ಧ ಕಿಲೋ. ಬಾಯಿ ತಪ್ಪಿ 'ಅಂ ಲೀವ್ರ್' ಎಂದಿರೋ, ಒಂದು ಪುಸ್ತಕ ಕೇಳಿದಂತಾಯಿತು!

ಕಲಿಯುವವರಿಗೆ ಒಂದು ಕಿವಿಮಾತು: ಯಾವ ಪದವನ್ನೂ ಒಂಟಿಯಾಗಿ ಕಲಿಯಬೇಡಿ, 'ಲ' ಅಥವಾ 'ಲಾ' ಸೇರಿಸಿಯೇ ಬಾಯಿಪಾಠ ಮಾಡಿ. ಬಾಗೆತ್, ಒಮ್ಲೆತ್‌ಗಳಂತೆ 'ಎತ್' ಎಂದು ಮುಗಿಯುವ ಪದಗಳು ಸಾಮಾನ್ಯವಾಗಿ ಹೆಣ್ಣು.

ಸಂತೆ ಮುಗಿಸಿ ಸೇನ್ ನದಿಯ ದಂಡೆಗೆ ನಡೆಯೋಣ. ಸೇನ್ ಕೂಡ ಹೆಣ್ಣೇ. ಅಲ್ಲಿ ಕಾಣುವ ಗುಮ್ಮಟದ ಕಟ್ಟಡದಲ್ಲಿ ಫ್ರೆಂಚ್ ಅಕಾಡೆಮಿ ಇದೆ. 1635ರಲ್ಲಿ ಹುಟ್ಟಿದ ಈ ಸಂಸ್ಥೆ ಫ್ರೆಂಚ್ ಭಾಷೆಯ ಕಾವಲುಗಾರ. ಸದಸ್ಯರ ಪೀಠಗಳು 40. ಲೇಖಕಿ ಮಾರ್ಗರಿತ್ ಯೂರ್ಸೆನಾರ್ ಮೊದಲ ಮಹಿಳೆಯಾಗಿ ಆಯ್ಕೆಯಾದದ್ದು 1980ರಲ್ಲಿ!

ಸೋಜಿಗ ನೋಡಿ. ಚಮಚವನ್ನೂ ಹೆಣ್ಣೆಂದ ಭಾಷೆ, ಮಂತ್ರಿಯಾದ ಹೆಣ್ಣನ್ನು ಬಹುಕಾಲ 'ಮದಾಮ್ ಲ ಮಿನಿಸ್ತ್ರ್' ಎಂದೇ ಕರೆಯಿತು. ಮದಾಮ್ ಎಂದರೆ ಶ್ರೀಮತಿ. ಅದರ ಜೊತೆಗೆ ಗಂಡಿನ 'ಲ'! 'ಆಂಬಾಸಾದ್ರಿಸ್' ಎಂದರೆ ರಾಯಭಾರಿಯ ಹೆಂಡತಿ. ನಮ್ಮಲ್ಲಿ ಗೌಡರ ಹೆಂಡತಿ ಗೌಡತಿಯಾದ ಹಾಗೆ. ತಾನೇ ರಾಯಭಾರಿಯಾದವಳಿಗೆ ಆ ಹೆಸರು ಸಲ್ಲಲು ಕಾಲ ಹಿಡಿಯಿತು. ಕೆನಡಾದ ಕ್ವೆಬೆಕ್‌ನಂಥ ಕಡೆ ಫ್ರೆಂಚ್ ಆಡುವವರು ಮೊದಲೇ ದಾರಿ ತೋರಿದ್ದರು. ಹೆಣ್ಣಿನ ಉದ್ಯೋಗಕ್ಕೆ ಸ್ತ್ರೀಲಿಂಗದ ಹೆಸರಿಡಲು ಅಡ್ಡಿಯಿಲ್ಲವೆಂದು ಅಕಾಡೆಮಿ ಒಪ್ಪಿದ್ದು 2019ರ ಫೆಬ್ರವರಿ 28ರಂದು.

ಚಮಚಕ್ಕೆ ಎಂದೋ ಸಿಕ್ಕಿದ್ದ 'ಲಾ' ಮಂತ್ರಿಣಿಗೂ ಕೊನೆಗೆ ದಕ್ಕಿತು. ತಡವಾದರೂ ಒಳ್ಳೆಯದೇ ಆಯಿತು, ಏನಂತೀರಿ?