ತುಂಡಾಗದ ದಾರ

ಅಮೆರಿಕದ ಅರ್ಕಾನ್ಸಾಸ್ ರಾಜ್ಯದಲ್ಲಿ ಲಿಟ್ಲ್ ರೆಡ್ ಎಂಬ ನದಿಯಿದೆ. ಗ್ರೀರ್ಸ್ ಫೆರಿ ಅಣೆಕಟ್ಟಿನಿಂದ ಹೊರಬರುವ ತಣ್ಣೀರಿನಲ್ಲಿ ಟ್ರೌಟ್ ಮೀನುಗಳು ಚೆನ್ನಾಗಿ ಬೆಳೆಯುತ್ತವೆ. 1992ರ ಮೇ 9ರಂದು ರಿಪ್ ಕಾಲಿನ್ಸ್ ಎಂಬವರು ಅಲ್ಲಿ 'ಜಿಗ್' ಗಾಳ ಹಾಕಿದರು. ಲೋಹದ ಪುಟ್ಟ ತಲೆ, ಗರಿಯ ಬಾಲ; ತೂಕ ಒಂದು ಗ್ರಾಮಿಗೂ ಕಡಿಮೆ. ದಾರ ತಾಳುವ ಭಾರ ಕೇವಲ 4 ಪೌಂಡು. ಸಿಕ್ಕಿದ್ದು ಮಾತ್ರ 40 ಪೌಂಡು 4 ಔನ್ಸಿನ, ಎಂದರೆ ಸುಮಾರು 18 ಕಿಲೋ ತೂಕದ ಕಂದು ಟ್ರೌಟ್!

ದಾರ ಏಕೆ ತುಂಡಾಗಲಿಲ್ಲ? ಆರ್ಕಿಮಿಡೀಸನ ಪಾಠ ನೆನಪಿಸಿಕೊಳ್ಳಿ. ನೀರಿನೊಳಗಿರುವ ಮೀನಿನ ಭಾರದ ಬಹುಪಾಲನ್ನು ನೀರೇ ಹೊರುತ್ತದೆ. ದಾರ ತಡೆಯಬೇಕಾದದ್ದು ಅದರ ಜಗ್ಗಾಟವನ್ನು. ಮೀನು ಜಗ್ಗಿದಾಗ ತೆಳುವಾದ ಕೋಲು ಬಾಗುತ್ತದೆ. ಇನ್ನೂ ಜಗ್ಗಿದರೆ ರೀಲು ಜಾರಿ ದಾರ ಬಿಚ್ಚಿಕೊಳ್ಳುತ್ತದೆ. ಅದಕ್ಕಾಗಿಯೇ ರೀಲಿನ ಬಿಗಿಯನ್ನು ದಾರದ ಶಕ್ತಿಗಿಂತ ಕಡಿಮೆ ಇಟ್ಟಿರುತ್ತಾರೆ. ಮೀನು ದಣಿದಾಗ ಮತ್ತೆ ಸುತ್ತಿಕೊಳ್ಳುತ್ತಾರೆ. ಹಟದಿಂದ ಬಿಗಿಹಿಡಿದರೆ ಒಂದೇ ಜಗ್ಗಿಗೆ ಎಲ್ಲವೂ ಮುಗಿಯುತ್ತದೆ.

ಆ ವಿಶ್ವದಾಖಲೆ 2009ರವರೆಗೆ ಉಳಿಯಿತು. ಪರೀಕ್ಷೆಯ ದಿನಗಳಲ್ಲಿ ತಂದೆತಾಯಿ ಮತ್ತು ಮಕ್ಕಳ ನಡುವಿನ ದಾರವೂ ಇಷ್ಟೇ ತೆಳು. ತುಸು ಸಡಿಲ ಬಿಡುವುದೆಂದರೆ ಕೈಬಿಡುವುದಲ್ಲ.