ಅಜ್ಜಿಯ ಹಾಡುಗಳ ತಾರೀಖು

ಬೇಸಿಗೆಯಲ್ಲಿ ಊರಿಗೆ ಹೋದಾಗ ಅಪ್ಪ ಬಾಗಿಲಲ್ಲೇ ದೂರು ಹೇಳಿದ್ರು: "ಕಂಪ್ಯೂಟರ್ ಪಾಸ್‌ವರ್ಡ್ ತಗೊಳ್ಳತ್ತೆ, ಮತ್ತೆ ಪಾಸ್‌ವರ್ಡೇ ಕೇಳತ್ತೆ ಕಣೋ." ಹಳೇ ಡೆಸ್ಕ್‌ಟಾಪಿಗೆ ಉಬುಂಟು ಹಾಕಿಕೊಟ್ಟವನು ನಾನೇ. ನೋಡಿದ್ರೆ 128 ಜಿಬಿ ಡಿಸ್ಕ್ ಪೂರ್ತಿ ತುಂಬಿದೆ. ಲಾಗಿನ್ ಆಗುವಾಗ ಬರೆಯೋ ಪುಟ್ಟ ಫೈಲಿಗೂ ಜಾಗ ಇಲ್ಲ.

ಲಿನಕ್ಸಿನಲ್ಲಿ 'ಹೋಮ್' ಅನ್ನೋ ಫೋಲ್ಡರಿನೊಳಗೆ ಪ್ರತಿಯೊಬ್ಬರಿಗೂ ಅವರ ಹೆಸರಿನ ಒಂದೊಂದು ಕೋಣೆ. ಅಪ್ಪನದರಲ್ಲಿ ತೋಟದ ಲೆಕ್ಕ, ನನ್ನದರಲ್ಲಿ ಕಾಲೇಜಿನ ಕಸ. ಅಮ್ಮನದರಲ್ಲಿ ಅಜ್ಜಿಯ ಹಾಡುಗಳು. ಅಜ್ಜಿ ತೀರಿಕೊಳ್ಳುವ ಮುಂಚಿನ ಎರಡು ವರ್ಷ ಅಮ್ಮ ಫೋನಿನಲ್ಲಿ ರೆಕಾರ್ಡ್ ಮಾಡಿದ ಸೋಬಾನೆ, ಆರತಿ ಹಾಡು, ಬೀಸೋ ಪದ. ಫೈಲುಗಳಿಗೆ ಹೆಸರಿಲ್ಲ, ಬರೀ ನಂಬರ್. ಯಾವುದು ಗೌರಿಹಬ್ಬದ್ದು, ಯಾವುದು ಕೊನೆಯದು ಅಂತ ತಾರೀಖು ನೋಡಿಯೇ ಗೊತ್ತಾಗಬೇಕು. ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ. ಆಫೀಸಿನಲ್ಲಿ ಬ್ಯಾಕಪ್ ಬಗ್ಗೆ ಭಾಷಣ ಬಿಗಿಯೋನು ನಾನು!

1 ಟಿಬಿ ಡಿಸ್ಕ್ ತಂದು, ಫಾರ್ಮ್ಯಾಟ್ ಮಾಡಿ, ರಿಕವರಿ ಮೋಡಿನಲ್ಲಿ ರೂಟ್ ಆಗಿ ಒಳಹೊಕ್ಕೆ. ರೂಟ್‌ನ ಕೋಣೆ ಹೋಮ್‌ನ ಹೊರಗಿರೋದ್ರಿಂದ ಉಳಿದವರ ಕೋಣೆಗಳನ್ನು ಆರಾಮಾಗಿ ಸಾಗಿಸಬಹುದು. ಅವಸರದಲ್ಲಿ 'ಸಿಪಿ ಮೈನಸ್ ಆರ್' ಹೊಡೆದೆ. ಮುಗಿದ ಮೇಲೆ ಪಟ್ಟಿ ತೆಗೆದ್ರೆ, ಹಿಂದೆ ನಿಂತಿದ್ದ ಅಮ್ಮ ಕೇಳಿದ್ರು, "ಇದೇನೋ, ಅಜ್ಜಿ ಎಲ್ಲಾ ಹಾಡೂ ಇವತ್ತೇ ಹಾಡಿದ ಹಾಗಿದೆ?"

ಎದೆ ಧಸಕ್ಕಂತು. ಪ್ರತಿ ಫೈಲಿಗೂ ಅವತ್ತಿನ ತಾರೀಖು. ಸಾಲದ್ದಕ್ಕೆ ಎಲ್ಲದಕ್ಕೂ ರೂಟೇ ಯಜಮಾನ. ಅಪ್ಪ ತಮ್ಮ ಲೆಕ್ಕದಲ್ಲೇ ಒಂದಕ್ಷರ ತಿದ್ದೋ ಹಾಗಿಲ್ಲ. ಪುಣ್ಯಕ್ಕೆ ಹಳೆಯದನ್ನು ಇನ್ನೂ ಮುಟ್ಟಿರಲಿಲ್ಲ.

ಹೊಸ ಡಿಸ್ಕ್ ಖಾಲಿ ಮಾಡಿ, ಈ ಸಲ 'ಆರ್‌ಸಿಂಕ್ ಮೈನಸ್ ಎ' ಹಾಕಿದೆ. ಅದು ಯಜಮಾನ, ಅನುಮತಿ, ತಾರೀಖು ಎಲ್ಲವನ್ನೂ ಇದ್ದ ಹಾಗೇ ತರತ್ತೆ. ಹಳೇ ಹೋಮ್‌ಗೆ ಬೇರೆ ಹೆಸರು ಕೊಟ್ಟು, ಖಾಲಿ ಹೋಮ್ ಫೋಲ್ಡರ್ ಮಾಡಿ, ಹೊಸ ಡಿಸ್ಕನ್ನು ಅಲ್ಲಿಗೆ ಜೋಡಿಸಿದೆ. ಹೆಸರು ಬದಲಿಸದೆ ಜೋಡಿಸಿದ್ರೆ ಹಳೇ ಫೈಲುಗಳು ಅದರಡಿ ಮರೆಯಾಗ್ತವೆ, ಕಣ್ಣಿಗೆ ಕಾಣದೇ ಜಾಗ ತಿಂತಾನೇ ಇರ್ತವೆ. ಪ್ರತಿ ಸಲ ಕಂಪ್ಯೂಟರ್ ಹಾಕಿದಾಗ ತಾನಾಗಿ ಜೋಡಣೆಯಾಗಲಿ ಅಂತ 'ಎಫ್‌ಎಸ್‌ಟ್ಯಾಬ್' ಫೈಲಿನಲ್ಲಿ ಒಂದು ಸಾಲು ಬರೆದೆ. 'ಎಸ್‌ಡಿಬಿ' ಥರದ ಡಿಸ್ಕ್ ಹೆಸರು ನಾಳೆ ಬದಲಾಗಬಹುದು, ಅದಕ್ಕೇ ಯುಯುಐಡಿ ಕೊಟ್ಟೆ.

ಅಪ್ಪ ಲಾಗಿನ್ ಆಗಿ ನೋಡಿ, ಅಡಿಕೆ ಲೆಕ್ಕ ಸರಿಯಿದೆ ಅಂದ್ರು. ಅಮ್ಮ ತಾರೀಖಿನ ಪ್ರಕಾರ ಜೋಡಿಸಿ ಕೊನೆಯ ಫೈಲ್ ಒತ್ತಿದ್ರು. ಅರ್ಧ ಹಾಡು, ಕೆಮ್ಮು, ಆಮೇಲೆ "ಸಾಕು ಬಿಡೇ, ಕಾಫಿ ಇಡು" ಅಂತ ಅಜ್ಜಿಯ ದನಿ. ಅಮ್ಮ ಸುಮ್ಮನೆ ಕೂತಿದ್ರು.

"ಹಳೇ ಡಿಸ್ಕಿನದು ಅಳಿಸಲಾ?" ಅಂದೆ.

"ಇರ್ಲಿ, ಎಲ್ಲಾ ಕೇಳಿಸ್ಕೊಂಡು ಹೇಳ್ತೀನಿ."

ನನ್ನ ಕಾಲೇಜಿನ ಕಸವನ್ನಷ್ಟೇ ಅಳಿಸಿ ಅಲ್ಲಿ ಜಾಗ ಮಾಡಿದೆ.